ಮೀನಿನ ವಾಸನೆಯ ನೆಂಟಸ್ತಿಕೆ

1769ನೆಯ ಇಸವಿಯ ಜೂನ್ ತಿಂಗಳಲ್ಲಿ ಶುಕ್ರಗ್ರಹವು ಸೂರ್ಯಬಿಂಬವನ್ನು ದಾಟುವುದನ್ನು ವೀಕ್ಷಿಸಲೆಂದು ನಾರ್ವೆಯ ಉತ್ತರದಂಚಿನ ವಾರ್ಡೋ ದ್ವೀಪಕ್ಕೆ ತೆರಳಿದ ಖಗೋಳಜ್ಞ ಮ್ಯಾಕ್ಸಿಮಿಲಿಯನ್ ಹೆಲ್ಲನ ಸಹಾಯಕನಾಗಿ ಹೋಗಿದ್ದ ಯಾನೋಷ್ ಶಾಯ್ನೊವಿಚ್ ಎಂಬ ಹಂಗೇರಿಯ ಜೆಸುಯಿಟ್ ಪಾದ್ರಿಯು, ಆ ಹಿಮಪ್ರದೇಶದ ಲ್ಯಾಪ್ ಜನರ ಮಾತಿಗೆ ಕಿವಿಗೊಟ್ಟು, ಅದಕ್ಕೂ ತನ್ನ ಮನೆಮಾತಿಗೂ ಮೂಲವೊಂದೇ ಎಂಬ ನಿರ್ಣಯಕ್ಕೆ ಬಂದನು. ಮರುವರ್ಷವೇ ಕೋಪನ್‌ಹೇಗನ್ನಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾದ ಅವನ ಪ್ರಬಂಧವನ್ನು ಹಂಗೇರಿಯ ಕುಲೀನರು ಆದರಿಸಲಿಲ್ಲ. ಹೂಣರ ಶೌರ್ಯಪರಂಪರೆಗೆ ಸೇರಿದವರೆಂದು ಬೀಗುತ್ತಿದ್ದವರಿಗೆ ಮೀನು ಹಿಡಿದು ಬದುಕುವ ಬಡವರ ಬಾಂಧವ್ಯವು ಅಪಮಾನವೆಂದೇ ತೋರಿ, ಅದು 'ಮೀನಿನ ವಾಸನೆಯ ನೆಂಟಸ್ತಿಕೆ'ಯೆಂಬ ಹೀಯಾಳಿಕೆಗೆ ಗುರಿಯಾಯಿತು. ಬಲೆ ದಡಕ್ಕೆ ಬಂದ ದಿನ ಊರಿಗೆ ಊರೇ ಗೆಲುವಾಗುವ ನಮ್ಮ ಉಪ್ಪುಂದದಲ್ಲಿ ಈ ಮಾತನ್ನು ಹೇಳಿದರೆ, ಅದರಲ್ಲಿ ಬೈಗುಳೇನಿದೆಯೆಂದು ಕೇಳಿಯಾರು.

ಆದರೆ ಶಾಯ್ನೊವಿಚ್ಚನ ಮಾತು ನಿಂತಿತು. 1799ರಲ್ಲಿ ಶಾಮುಯೆಲ್ ಗ್ಯರ್ಮತಿ ಎಂಬ ವೈದ್ಯನು ವ್ಯಾಕರಣದ ಆಧಾರದಿಂದ ಅದನ್ನು ದೃಢಪಡಿಸಿದನು. ಲ್ಯಾಪ್, ಫಿನ್ನಿಷ್, ಹಂಗೇರಿಯನ್‌ಗಳು ಸೇರಿದ ಫಿನ್ನೊ-ಉಗ್ರಿಕ್ ಕುಟುಂಬವು ಇಂದು ನಿರ್ವಿವಾದ. ಈ ಯಶಸ್ಸಿನಿಂದ ಉತ್ತೇಜಿತವಾಗಿ ಅದರ ಬಂಧುವರ್ಗವನ್ನು ಭರತಖಂಡದ ದಕ್ಷಿಣದವರೆಗೆ ಹಬ್ಬಿಸಿದ ಎರಡನೆಯ ಪಂಥವೊಂದುಂಟು; ಅದರ ವಿಚಾರದಲ್ಲಿ ಕನ್ನಡಿಗನಿಗೆ ನೇರವಾದ ಆಸಕ್ತಿಯಿರಬೇಕಾದುದು ಸಹಜ. ಫಿನ್ನಿಷ್ ಮತ್ತು ಲ್ಯಾಪ್ ಭಾಷೆಗಳನ್ನು ಆಳವಾಗಿ ಅಭ್ಯಸಿಸಿ, ರಷ್ಯಾ ಪರ್ಷಿಯಾಗಳ ಮಾರ್ಗವಾಗಿ 1820ರಲ್ಲಿ ಮುಂಬಯಿಗೆ ಬಂದಿಳಿದ ಡೆನ್ಮಾರ್ಕಿನ ರಾಸ್ಮುಸ್ ರಾಸ್ಕನು ದ್ರಾವಿಡ ಭಾಷೆಗಳನ್ನು ಫಿನ್ನಿಷ್ ಮೊದಲಾದವನ್ನು ಒಳಗೊಂಡ 'ಶಕ' (ಸಿಥಿಯನ್) ಭಾಷಾವರ್ಗಕ್ಕೆ ಸೇರಿಸಬಹುದೆಂದು ಸೂಚಿಸಿದನು. ಆ ಸೂಚನೆಯನ್ನು ಬೃಹದ್ಗ್ರಂಥದ ಪ್ರಮಾಣಕ್ಕೆ ಬೆಳೆಸಿದವನು ತಿರುನೆಲ್ವೇಲಿಯ ಇಡೈಯನ್‌ಗುಡಿಯಲ್ಲಿ ನೆಲೆಸಿದ್ದ ರಾಬರ್ಟ್ ಕಾಲ್ಡ್‌ವೆಲ್. 1856ರ ಅವನ ತೌಲನಿಕ ವ್ಯಾಕರಣವು ದ್ರಾವಿಡ ಭಾಷೆಗಳ ಪರಸ್ಪರ ಸಂಬಂಧವನ್ನು ಸ್ಥಾಪಿಸಿದ ಮಟ್ಟಿಗೆ ಇಂದಿಗೂ ಅಲುಗದೆ ನಿಂತಿದೆ; ಅದೇ ಗ್ರಂಥದ ಶಕವಾದವನ್ನು ಮಾತ್ರ ಅಷ್ಟೇ ಗೌರವದಿಂದ ಒಪ್ಪಿಕೊಳ್ಳುವುದು ಸಾಧ್ಯವಿಲ್ಲ.

ಕಾಲ್ಡ್‌ವೆಲ್ಲನ ವಾದದ ಬಲವಿರುವುದು ವಾಕ್ಯದ ಕಟ್ಟಿನಲ್ಲಿ. ವಿಭಕ್ತಿಯ ಕೆಲಸವನ್ನು ಶಬ್ದದ ಹಿಂದೆ ಹತ್ತುವ ಪ್ರತ್ಯಯಗಳು ಮಾಡುತ್ತವೆ; ಸಂಬಂಧ ಸರ್ವನಾಮದ ಬದಲು 'ಬಂದ ಹುಡುಗ' ಎಂಬಲ್ಲಿಯಂತೆ ಕೃದಂತವು ನಿಲ್ಲುತ್ತದೆ; ವಿಶೇಷಣವು ವಿಶೇಷ್ಯದ ಲಿಂಗವಚನಗಳನ್ನು ಹೊರುವುದಿಲ್ಲ. ಇಂಥ ಲಕ್ಷಣಗಳ ಪಟ್ಟಿಯನ್ನೇ ಅವನು ಕೊಟ್ಟಿದ್ದಾನೆ. ಈ ಹೋಲಿಕೆಗಳು ಸುಳ್ಳಲ್ಲ. ಆದರೆ ಇವು ರಕ್ತಸಂಬಂಧಕ್ಕೆ ಸಾಕ್ಷಿಯಾಗಬಲ್ಲವೆ ಎಂಬ ಪ್ರಶ್ನೆಗೆ ಉತ್ತರವು ನಮ್ಮ ಕರಾವಳಿಯಲ್ಲೇ ದೊರೆಯುತ್ತದೆ. ಉಪ್ಪುಂದದ ಖಾರ್ವಿಯರ ಮನೆಮಾತು ಕೊಂಕಣಿ, ಸಂಸ್ಕೃತದ ಕುಲಕ್ಕೆ ಸೇರಿದ್ದು. ನೆರೆಯವರದು ಕುಂದಾಪುರದ ಕನ್ನಡ. ಒಂದೇ ದೋಣಿಯಲ್ಲಿ ಎರಡು ಕುಲದ ಭಾಷೆಗಳು ಸಾಗುತ್ತವೆ. ಕರ್ನಾಟಕದ ಸಾರಸ್ವತರ ಕೊಂಕಣಿಯನ್ನು ಕುರಿತು ಮಂಗೇಶ ನಾಡಕರ್ಣಿಯವರು 1975ರಲ್ಲಿ ಪ್ರಕಟಿಸಿದ ಲೇಖನವು, ಶತಮಾನಗಳ ದ್ವಿಭಾಷಿಕತೆಯಿಂದ ಆ ಭಾಷೆಯ ಸಂಬಂಧವಾಕ್ಯವು ಕನ್ನಡದ ಅಚ್ಚಿಗೇ ಇಳಿದುದನ್ನು ತೋರಿಸಿಕೊಟ್ಟಿತು. ಕುಲ ಬದಲಾಗದೆ ಕಟ್ಟು ಬದಲಾಗಬಹುದೆಂದ ಮೇಲೆ, ಕಾಲ್ಡ್‌ವೆಲ್ಲನು ಅತ್ಯಂತ ಭದ್ರವೆಂದು ನಂಬಿದ್ದ ಕಂಬವೇ ಟೊಳ್ಳೆಂದು ಹೇಳಬೇಕಾಗುತ್ತದೆ.

ಹಾಗಾದರೆ ಕುಲವನ್ನು ತಿಳಿಯುವ ಬಗೆ ಯಾವುದು? ಧ್ವನಿನಿಯಮ. ಉಪ್ಪುಂದದ ಪೇಟೆಯಲ್ಲಿ ಯಾರ ಬಾಯಿಂದಲೂ ಕೇಳಬಹುದಾದ 'ಹೋಪುದು' ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಹಳಗನ್ನಡದ 'ಪೋಪುದು' ಎಂಬುದರ ಮೊದಲ ಪಕಾರವು ಪದಾದಿಯಲ್ಲಿದ್ದುದರಿಂದ ಹಕಾರವಾಯಿತು. ಎರಡನೆಯದು ಪದದ ನಡುವೆ ಇದ್ದುದರಿಂದ ಹಾಗೆಯೇ ಉಳಿಯಿತು. ಬೆಂಗಳೂರಿನ ಕನ್ನಡವು ಆ ಎರಡನೆಯ ಪಕಾರವನ್ನೂ ಬಿಟ್ಟುಕೊಟ್ಟು 'ಹೋಗುವುದು' ಎಂದಿತು, ನಮ್ಮವರು ಬಿಡಲಿಲ್ಲ. 'ಬರ್ಪುದು' ಇಲ್ಲಿ 'ಬಪ್ಪುದು' ಆಗಿದೆ, 'ಕಾಣ್ಬುದು' 'ಕಾಂಬುದು' ಆಗಿದೆ. ಶಬ್ದವೊಂದರಲ್ಲಿ ಕಂಡ ನಿಯಮವು ಸಾಲಿನ ಉಳಿದ ಶಬ್ದಗಳಲ್ಲೂ ನಿಲ್ಲಬೇಕು. ಶಾಯ್ನೊವಿಚ್ಚನ ಕುಟುಂಬದಲ್ಲಿ ಇದು ನಿಂತಿದೆ: ಮೀನಿಗೆ ಫಿನ್ನಿಷಿನಲ್ಲಿ 'ಕಲ', ಹಂಗೇರಿಯನ್ನಿನಲ್ಲಿ 'ಹಲ್', ಮೂರಕ್ಕೆ 'ಕೊಲ್ಮೆ', 'ಹಾರೊಮ್', ಗುಡಿಸಲಿಗೆ ಅಲ್ಲಿ 'ಕೊತ', ಮನೆಗೆ ಇಲ್ಲಿ 'ಹಾಜ಼್'. ಅಲ್ಲಿಯ ಪದಾದಿಯ ಪಕಾರಕ್ಕೆ ಇಲ್ಲಿ ಫಕಾರ: ಮರಕ್ಕೆ 'ಪೂ', 'ಫ'. ಇಂಥ ಸಾಲು ಕನ್ನಡ ಮತ್ತು ಫಿನ್ನಿಷ್‌ಗಳ ನಡುವೆ ಕಾಣದು. ನಮ್ಮ 'ಗುಡಿ'ಯನ್ನು ಅವರ 'ಕೊತ'ದ ಪಕ್ಕದಲ್ಲಿಟ್ಟು ಹಿಗ್ಗಬಹುದು. ಮುಂದಿನ ಜೋಡಿಗೆ ಬೇರೊಂದು ನಿಯಮವನ್ನೂ, ಅದರ ಮುಂದಿನದಕ್ಕೆ ಒಂದು ವಿನಾಯಿತಿಯನ್ನೂ ಹುಡುಕಬೇಕಾಗುತ್ತದೆ.

ಈ ಪಂಥದವರನ್ನು ಬಹುವಾಗಿ ಆಕರ್ಷಿಸಿದ ಮತ್ತೊಂದು ನಿದರ್ಶನ ಮಧ್ಯಮಪುರುಷ ಸರ್ವನಾಮದ್ದು. ಸೈಬೀರಿಯದ ಓಬ್ ನದಿಯ ಸೀಮೆಯಲ್ಲಿ ಬದುಕುವ, ಫಿನ್ನೊ-ಉಗ್ರಿಕ್ ಕುಟುಂಬದ ಭಾಷೆಯ ಮಾನ್ಸಿ ಜನರಿಗೆ 'ನೀನು' ಎಂಬುದಕ್ಕೆ 'ನಙ್'. ಎಷ್ಟು ಹತ್ತಿರ! ಆದರೆ ಫಿನ್ನಿಷಿನ 'ಸಿನ'ವನ್ನು ನೋಡಿದರೆ ಈ ಉತ್ಸಾಹ ಇಳಿಯುತ್ತದೆ: ಅದರ ಆದಿಯಲ್ಲಿದ್ದುದು ತಕಾರ, ಫಿನ್ನೊ-ಉಗ್ರಿಕ್ಕನ್ನು ಒಳಗೊಂಡ ಯುರಾಲಿಕ್ ಕುಟುಂಬದ ಮೂಲರೂಪದಲ್ಲಿಯೂ ತಕಾರವೇ, ಮಾನ್ಸಿಯ ನಕಾರವು ಆ ಸೀಮೆಯಲ್ಲಿ ತರುವಾಯ ಮೂಡಿದ್ದು. ಕುಟುಂಬದ ಕಿರಿಯ ಸದಸ್ಯನ ಮುಖವನ್ನು ನೋಡಿ ಮುತ್ತಜ್ಜನ ನೆಂಟತನವನ್ನು ಹೇಳಹೊರಟಂತಾಯಿತು.

ಪಂಥವು ಇಷ್ಟಕ್ಕೇ ಸೋತಿತೆಂದೇನೂ ಇಲ್ಲ. 1925ರಲ್ಲಿ ಜರ್ಮನಿಯ ಓಟ್ಟೋ ಶ್ರಾಡರ್ ಈ ಚರ್ಚೆಗೆ ಮತ್ತೆ ಜೀವ ತುಂಬಿದರು. 1968ರಲ್ಲಿ ಸ್ಟೀಫನ್ ಟೈಲರ್ ಶಬ್ದಸಾಕ್ಷ್ಯದ ಉದ್ದನೆಯ ಪಟ್ಟಿಯನ್ನೇ ಮಂಡಿಸಿದರು. ಅವರ ಶ್ರಮವನ್ನು ಕಡೆಗಣಿಸಲಾಗದು, ಸಂಬಂಧವು ಅಸಾಧ್ಯವೆಂದು ಸಾಧಿಸಿದವರೂ ಇಲ್ಲ. ಆದರೆ ನಿಘಂಟಿನಿಂದ ಆಯ್ದ ಶಬ್ದಗಳ ರಾಶಿಗಿಂತ ಬಪ್ಪುದು, ಹೋಪುದು, ಕಾಂಬುದುಗಳಂಥ ಸಣ್ಣ ಸಾಲು ಹೆಚ್ಚು ತೂಕದ್ದೆಂಬ ತಿಳಿವಳಿಕೆ ಅವರ ಬರವಣಿಗೆಯಲ್ಲಿ ಸಾಕಷ್ಟು ಕೆಲಸ ಮಾಡಿದಂತೆ ನನಗೆ ತೋರದು. ಈ ಪಂಥದ ಅತ್ಯಂತ ಜಾಗರೂಕ ವಿದ್ವಾಂಸರೆಂದರೆ ಥಾಮಸ್ ಬರೋ. ದೇಹದ ಅವಯವಗಳ ಹೆಸರುಗಳನ್ನು ದ್ರಾವಿಡ ಮತ್ತು ಯುರಾಲಿಕ್‌ಗಳಲ್ಲಿ ಹೋಲಿಸಿ 1940ರ ದಶಕದಲ್ಲಿ ಪ್ರಬಂಧವನ್ನು ಬರೆದ ಅವರೇ, ಎಮೆನೋ ಅವರೊಡಗೂಡಿ 1961ರಲ್ಲಿ ದ್ರಾವಿಡ ವ್ಯುತ್ಪತ್ತಿಕೋಶವನ್ನು ಹೊರತಂದಾಗ ಯುರಾಲಿಕ್ ಶಬ್ದಗಳಿಗೆ ಅದರಲ್ಲಿ ಜಾಗ ಕೊಡಲಿಲ್ಲ.