ದೂರಾಂತರಿಕ್ಷ ಸಂಪರ್ಕದ ಚರಿತ್ರೆಯಲ್ಲಿ ಆಂಟೆನಾ ಸಮೂಹಗಳ ಸ್ಥಾನ

ಭಾರತದ ದೂರಾಂತರಿಕ್ಷ ಸಂಪರ್ಕದ ಚರಿತ್ರೆಯನ್ನು ನಿರೂಪಿಸುವವರು ಸಾಮಾನ್ಯವಾಗಿ ಬೆಂಗಳೂರಿಗೆ ಸಮೀಪದ ಬ್ಯಾಲಾಳುವಿನಲ್ಲಿ ಆರಂಭಿಸಿ ಅಲ್ಲಿಯೇ ಮುಗಿಸುತ್ತಾರೆ. 2008ರಲ್ಲಿ ಚಂದ್ರಯಾನ-1ರ ನಿಮಿತ್ತ ಅಲ್ಲಿ ಸಿದ್ಧವಾದ 32 ಮೀಟರ್ ವ್ಯಾಸದ ಆಂಟೆನಾ ಸ್ತುತ್ಯರ್ಹವೆಂಬುದು ನಿರ್ವಿವಾದ. ಆದರೆ ವ್ಯಾಸದ ಹಿರಿಮೆಯೇ ಈ ವಿದ್ಯೆಯ ಪ್ರಗತಿಗೆ ಅಳತೆಗೋಲೆಂಬ ಭಾವನೆಯನ್ನು ನಾವು ಒಪ್ಪಲಾರೆವು. ಕ್ಷೀಣವಾದ ಸಂದೇಶವನ್ನು ಹಿಡಿಯತಕ್ಕುದು ವಿಸ್ತೀರ್ಣ; ಅದು ಒಂದೇ ತಟ್ಟೆಯಲ್ಲಿರಬೇಕೆಂಬ ನಿಯಮವಿಲ್ಲ. ಬ್ಯಾಲಾಳುವಿನಲ್ಲಿಯೇ ಇರುವ 18 ಮೀಟರಿನ ಆಂಟೆನಾದಂಥವು ಮೂರು ಕೂಡಿದರೆ, ಶಹಾಬಾದಿನ ಫರಸಿಗಳು ಸೇರಿ ವಿಶಾಲವಾದ ನೆಲಗಟ್ಟಾಗುವಂತೆ, ಆ ದೊಡ್ಡದಕ್ಕೆ ಬಹುಮಟ್ಟಿಗೆ ಸರಿದೂಗುತ್ತವೆ.

ಜೋಡಣೆ ಮಾತ್ರ ಫರಸಿಯಷ್ಟು ಸುಲಭವಲ್ಲ. ಗ್ರಹಾಂತರದಿಂದ ಬರುವ ತರಂಗವು ಒಂದೊಂದು ಆಂಟೆನಾವನ್ನು ಒಂದೊಂದು ಕ್ಷಣದಲ್ಲಿ ತಲುಪುತ್ತದೆ. ವಾಡಿ ಜಂಕ್ಷನ್ನಿನಲ್ಲಿ ಒಂದು ಗಾಡಿಯನ್ನು ಇನ್ನೊಂದರ ಸಲುವಾಗಿ ನಿಲ್ಲಿಸುವಂತೆ, ಮೊದಲು ಬಂದುದನ್ನು ತಕ್ಕಷ್ಟು ತಡೆದು ಉಳಿದುದರೊಡನೆ ಕೂಡಿಸಬೇಕು. ಆಗ ಸಂದೇಶ ಬೆಳೆಯುವಷ್ಟು ಗದ್ದಲ ಬೆಳೆಯುವುದಿಲ್ಲ. ಇದರ ಮರ್ಮ ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಸೇಡಂ ತಾಲ್ಲೂಕಿನ ಮಳಖೇಡದ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದಂಥ ಗ್ರಂಥದ ಓಲೆಪ್ರತಿಗಳನ್ನು ಹೋಲಿಸುವಾಗ ಲಿಪಿಕಾರರ ಸ್ಖಾಲಿತ್ಯಗಳು ಪ್ರತಿಯಿಂದ ಪ್ರತಿಗೆ ಬೇರೆಯಾಗಿರುತ್ತವೆ, ಮೂಲಪಾಠವು ಎಲ್ಲದರಲ್ಲಿಯೂ ಒಂದಾಗಿ ನಿಲ್ಲುತ್ತದೆ. ಆಂಟೆನಾಗಳ ಗದ್ದಲವೂ ಅಂಥದೇ. (ಎಲ್ಲ ಪ್ರತಿಗಳೂ ಒಂದೇ ದೋಷಪೂರ್ಣ ಮಾತೃಕೆಯಿಂದ ಇಳಿದಿದ್ದರೆ ಸಂಪಾದಕನ ಉಪಾಯ ಸಾಗದು, ಗ್ರಹವೇ ಹೊರಸೂಸುವ ಗದ್ದಲ ಎಲ್ಲ ಆಂಟೆನಾಗಳಿಗೂ ಸಮಾನವಾಗಿರುವುದರಿಂದ ಎಂಜಿನಿಯರರಿಗೂ ಅದೇ ತೊಡಕು.)

1991ರಲ್ಲಿ ಗುರುಗ್ರಹದ ಹಾದಿಯಲ್ಲಿದ್ದ ‘ಗೆಲಿಲಿಯೋ’ ನೌಕೆಯ ಪ್ರಧಾನ ಆಂಟೆನಾ, ಕೊಡೆಯಂತೆ ಬಿಚ್ಚಿಕೊಳ್ಳಬೇಕಾದುದು, ಬಿಚ್ಚಿಕೊಳ್ಳಲೇ ಇಲ್ಲ. ಉಳಿದ ಕಿರಿಯ ಆಂಟೆನಾದ ಕ್ಷೀಣಸ್ವರವನ್ನು 1996ರಿಂದ ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನ್, ಆಸ್ಟ್ರೇಲಿಯದ ಕ್ಯಾನ್‌ಬೆರಾ ಮತ್ತು ಪಾರ್ಕ್ಸ್‌ಗಳಲ್ಲಿನ ಆಂಟೆನಾಗಳು ಕೂಡಿ ಕೇಳಿದುವು. ಮಾಹಿತಿಯನ್ನು ಅಡಕಗೊಳಿಸುವ ಹೊಸ ಕ್ರಮವೂ ನೆರವಾಯಿತೆಂಬುದನ್ನು ಮರೆಯಲಾಗದು. ಆದರೂ ಆ ಯಾನ ಉಳಿದುದರಲ್ಲಿ ಸಮೂಹದ ಪಾಲು ಹಿರಿದು.

ಇನ್ನು ಕರ್ನಾಟಕದ ಮಾತು. ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1970ರ ದಶಕದಲ್ಲಿಯೇ 1000 ಡೈಪೋಲುಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನಿಲ್ಲಿಸಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದ್ದುವು. ಅದು ನಿಸರ್ಗದ ರೇಡಿಯೋ ತರಂಗಗಳಿಗಾಗಿ ಕಟ್ಟಿದ ದೂರದರ್ಶಕ, ನೌಕೆಗಳಿಗಾಗಿ ಅಲ್ಲ. ಬ್ಯಾಲಾಳುವಿಗೆ ಅದನ್ನು ಜನನಿಯೆನ್ನುವುದು ಅತ್ಯುಕ್ತಿಯಾದೀತು. ಆದರೆ ಹಲವನ್ನು ಕೂಡಿಸಿ ಒಂದಾಗಿ ಕೇಳುವ ವಿದ್ಯೆಯನ್ನು ನಮ್ಮ ನಾಡು ಅಷ್ಟು ಹಿಂದೆಯೇ ಬಲ್ಲುದೆಂಬ ಸಂಗತಿಯನ್ನು ಬಿಟ್ಟು ಬರೆದ ಚರಿತ್ರೆ ಅಪೂರ್ಣ.

ಆದೇಶಗಳನ್ನು ಕಳುಹಿಸುವಲ್ಲಿ ಒಂದೇ ದೊಡ್ಡ ಆಂಟೆನಾ ಇಂದಿಗೂ ಹೆಚ್ಚು ಸರಳವೆಂಬುದನ್ನು ಒಪ್ಪೋಣ. ಕೇಳುವ ಕಾರ್ಯದಲ್ಲಿ ಸಮೂಹದ ಸಾಮರ್ಥ್ಯಕ್ಕೆ ನೆರೆಯ ಮಹಾರಾಷ್ಟ್ರದಲ್ಲಿ ನಿದರ್ಶನವಿದೆ. ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿ 45 ಮೀಟರಿನ 30 ಆಂಟೆನಾಗಳ ರೇಡಿಯೋ ದೂರದರ್ಶಕವಿದೆ. 2016ರ ಅಕ್ಟೋಬರ್ 19ರಂದು ಮಂಗಳನ ಮೇಲಕ್ಕೆ ಇಳಿಯುತ್ತಿದ್ದ ಯುರೋಪಿನ ‘ಸ್ಕಿಯಾಪರೆಲ್ಲಿ’ ನೌಕೆಯ ಕ್ಷೀಣಧ್ವನಿಯನ್ನು, ನೆಲ ಮುಟ್ಟುವ ಮುನ್ನ ಅದು ನಿಂತುಹೋಗುವವರೆಗೂ, ಅದು ಭೂಮಿಯಿಂದಲೇ ನೇರವಾಗಿ ಆಲಿಸಿತು.