ಆಸ್ಥಾನಿಕನ ಉತ್ತರ

ರಿಚರ್ಡ್ ಡಾಕಿನ್ಸ್ ಅವರ 'ದ ಗಾಡ್ ಡೆಲ್ಯೂಷನ್' 2006ರಲ್ಲಿ ಪ್ರಕಟವಾದಾಗ, ಲೇಖಕರಿಗೆ ದೈವಶಾಸ್ತ್ರದ ಪರಿಚಯವಿಲ್ಲವೆಂಬ ಆಕ್ಷೇಪ ಅನೇಕರಿಂದ ಬಂದಿತು. ಅದೇ ವರ್ಷ ಜೀವವಿಜ್ಞಾನಿ ಪಿ. ಝಡ್. ಮೈಯರ್ಸ್ ಇಂಥ ಆಕ್ಷೇಪಕ್ಕೆ 'ಆಸ್ಥಾನಿಕನ ಉತ್ತರ' ಎಂದು ಹೆಸರಿಟ್ಟರು. ಆಂಡರ್ಸನ್ನರ ಕಥೆಯಲ್ಲಿ ಅರಸನು ಬೆತ್ತಲೆಯಾಗಿದ್ದಾನೆ. ಹಾಗೆಂದವನಿಗೆ, ವಸ್ತ್ರಗಳ ಕುರಿತ ಗ್ರಂಥಗಳನ್ನು ಮೊದಲು ಓದಿ ಬಾ ಎನ್ನುವ ಆಸ್ಥಾನಿಕರೇ ದೈವಶಾಸ್ತ್ರಜ್ಞರು ಎಂಬುದು ಅವರ ವ್ಯಂಗ್ಯ.

ವ್ಯಂಗ್ಯದಲ್ಲಿ ಸತ್ಯಾಂಶವಿದೆ. ವಾದದ ಸತ್ಯಾಸತ್ಯತೆಯು ವಾದಿಸುವವನ ಪಾಂಡಿತ್ಯದಿಂದ ನಿರ್ಣಯವಾಗದು. ಆದರೆ 'ನೀವು ಓದಿಲ್ಲ' ಎನ್ನುವುದು ಬೇರೆ, 'ಓದದ ಕಾರಣ ಇಲ್ಲಿ ತಪ್ಪಿದ್ದೀರಿ' ಎಂದು ತೋರಿಸುವುದು ಬೇರೆ. ಥಾಮಸ್ ಅಕ್ವಿನಾಸರ ಐದು ಮಾರ್ಗಗಳಲ್ಲಿ ಮೊದಲ ಮೂರನ್ನು ಚರ್ಚಿಸುವಾಗ ಡಾಕಿನ್ಸ್, ಆದಿಕಾರಣವೊಂದನ್ನು ಒಪ್ಪಿದರೂ ಅದಕ್ಕೆ ಸರ್ವಶಕ್ತಿ, ಒಳ್ಳೆಯತನಗಳನ್ನು ಆರೋಪಿಸಲು ಆಧಾರವಿಲ್ಲವೆನ್ನುತ್ತಾರೆ. ಅಕ್ವಿನಾಸರಾದರೋ 'ಸುಮ್ಮಾ ಥಿಯೊಲಾಜಿಯೇ'ಯ ಮೊದಲ ಭಾಗದ 2ನೆಯ ಪ್ರಶ್ನೆಯಲ್ಲಿ ಆ ಮಾರ್ಗಗಳನ್ನು ಮಂಡಿಸಿ, ದೇವರ ಒಳ್ಳೆಯತನಕ್ಕಾಗಿ 6ನೆಯದರಲ್ಲಿಯೂ ಶಕ್ತಿಗಾಗಿ 25ನೆಯದರಲ್ಲಿಯೂ ಪ್ರತ್ಯೇಕವಾಗಿ ವಾದಿಸಿದ್ದಾರೆ. ಆ ವಾದಗಳು ನಿಲ್ಲುತ್ತವೆಯೇ ಎಂಬುದು ಚರ್ಚಾರ್ಹ. ವಾದಗಳೇ ಇಲ್ಲವೆಂಬಂತೆ ಬರೆಯುವುದು ತಪ್ಪು. ಇದನ್ನು ಎತ್ತಿ ತೋರಿಸುವುದು ಆಸ್ಥಾನಿಕನ ಉತ್ತರವಲ್ಲ.

ಆದರೂ ನಾವು ನಮ್ಮನ್ನೇ ಪರೀಕ್ಷಿಸಿಕೊಳ್ಳಬೇಕಾಗಿದೆ. ನಮ್ಮ ಪ್ರಸಂಗವನ್ನು ಪ್ರಶ್ನಿಸಿದ ವಿಶ್ವಾಸಿಯನ್ನು, ಗ್ರೀಕ್ ಬಲ್ಲಿರಾ ಎಂದು ಕೇಳಿ ನಾವು ಸುಮ್ಮನಾಗಿಸುವುದುಂಟು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ, ದೃಷ್ಟಿ ಹೊಂದಿದ ಹುಟ್ಟುಕುರುಡನ ವಾದಕ್ಕೆ ಉತ್ತರ ಕಾಣದ ಫರಿಸಾಯರು, ನಮಗೆ ಬೋಧಿಸಲು ನೀನು ಯಾರೆಂದು ಅವನನ್ನು ಹೊರಗೆ ಹಾಕಿದರು. ಅವನು ಹೊರಗಾದನು; ಅವನ ವಾದಕ್ಕೆ ಉತ್ತರ ದೊರೆಯಲಿಲ್ಲ.