ಗೆರೆ ದಾಟಿತು, ಬಣ್ಣ ದಾಟಲಿಲ್ಲ

ಕಲಘಟಗಿಯ ತೊಟ್ಟಿಲಿನ ಪಟ್ಟಿಗಳ ಮೇಲೆ ಕಥೆ ಇರುತ್ತದೆ. ಸಾಗವಾನಿ ಹಲಗೆಗೆ ಬಣ್ಣ ಹಚ್ಚಿ, ಅರಗಿನ ಮೆರುಗು ಕೊಟ್ಟು, ಕೃಷ್ಣನ ಬಾಲಲೀಲೆಯನ್ನೋ ರಾಮಾಯಣದ ಪ್ರಸಂಗವನ್ನೋ ಚಿತ್ರಗಾರರು ಸಾಲಾಗಿ ಬರೆಯುತ್ತಾರೆ. ಮಲಗಿದ ಕೂಸಿನ ಸುತ್ತ ಕೆಂಪು, ಹಳದಿ, ಹಸಿರು. ಅದೇ ಕೂಸು ಬೆಳೆದು ಶಾಲೆಗೆ ಹೋಗಿ, ಊರಿನ ಗ್ರಂಥಾಲಯದಲ್ಲಿ ಚಿತ್ರಕಾರರ ಬಗೆಗಿನ ಕನ್ನಡ ಪುಸ್ತಕವೊಂದನ್ನು ತೆರೆದರೆ ಆ ಬಣ್ಣಗಳು ಕಾಣುವುದಿಲ್ಲ. ಪುಟದಿಂದ ಪುಟಕ್ಕೆ ಅಕ್ಷರವೇ ತುಂಬಿರುತ್ತದೆ. ಕೊನೆಯಲ್ಲಿ ನಾಲ್ಕೋ ಎಂಟೋ ಆರ್ಟ್ ಪೇಪರಿನ ಹಾಳೆ, ಅದರಲ್ಲಿ ಬೂದುಬಣ್ಣಕ್ಕೆ ತಿರುಗಿದ ಚಿತ್ರಗಳು. ಕನ್ನಡದ ಕಲಾಪುಸ್ತಕಗಳಲ್ಲಿ ಬಹುಪಾಲಿನ ರೂಪ ದಶಕಗಳ ಕಾಲ ಇದೇ ಆಗಿತ್ತು.

ಕನ್ನಡದಲ್ಲಿ ಕಲೆಯ ಮೇಲೆ ಬರೆದವರೇ ಇಲ್ಲ ಎಂದು ದೂರುವುದು ವಾಡಿಕೆ. ಅದು ತಪ್ಪು. ಶಿವರಾಮ ಕಾರಂತರ ‘ಭಾರತೀಯ ಚಿತ್ರಕಲೆ’ 1930ರಷ್ಟು ಹಿಂದೆಯೇ ಬಂತು. ಅ.ನ. ಕೃಷ್ಣರಾಯರು ಚಿತ್ರಕಾರನನ್ನೇ ನಾಯಕನನ್ನಾಗಿ ಮಾಡಿ ‘ಉದಯರಾಗ’ ಕಾದಂಬರಿ ಬರೆದರು. ಕಲೆಯ ಕುರಿತು ಲೇಖನಗಳನ್ನೂ ಬರೆದರು. ಮುಂದೆ ಎಂ.ಎಚ್. ಕೃಷ್ಣಯ್ಯ, ಎ.ಎಲ್. ನರಸಿಂಹನ್, ಎನ್. ಮರಿಶಾಮಾಚಾರ್, ಎಚ್.ಎ. ಅನಿಲ್‌ಕುಮಾರ್ ಮೊದಲಾದವರು ಈ ಕೆಲಸವನ್ನು ಮುಂದುವರಿಸಿದರು. 1964ರಲ್ಲಿ ಹುಟ್ಟಿದ ಕರ್ನಾಟಕ ಲಲಿತಕಲಾ ಅಕಾಡೆಮಿ ನಾಡಿನ ಕಲಾವಿದರ ಮೇಲೆ ಕಿರುಹೊತ್ತಿಗೆಗಳನ್ನು ತಂದಿತು. ರೇಖೆ, ಲಯ, ಛಾಯೆ, ಅಮೂರ್ತ ಎಂಬ ಮಾತುಗಳನ್ನು ಇವತ್ತು ಪತ್ರಿಕೆಯ ಓದುಗ ಸಲೀಸಾಗಿ ಅರಗಿಸಿಕೊಳ್ಳುತ್ತಾನೆ ಎಂದರೆ ಅದು ಈ ಬರಹಗಾರರ ದುಡಿಮೆಯ ಫಲ.

ಹಾಗಿದ್ದರೆ ಕೊರತೆ ಎಲ್ಲಿದೆ? ಈ ಪರಂಪರೆಯನ್ನು ಕಟ್ಟಿದವರಲ್ಲಿ ಹಲವರು ಸಾಹಿತ್ಯದ ಮನೆಯಿಂದ ಬಂದವರು: ಕಾದಂಬರಿಕಾರರು, ಕವಿಗಳು, ಕನ್ನಡದ ಮೇಷ್ಟ್ರುಗಳು. ಚಿತ್ರವನ್ನು ಮಾತಿನಲ್ಲಿ ಬಿಡಿಸಿ ಹೇಳುವ ಸಾಮರ್ಥ್ಯ ಅವರಿಗಿತ್ತು. ಅದನ್ನು ಪುಟದ ಮೇಲೆ ನಿಲ್ಲಿಸುವ ಅಚ್ಚುಕೂಟ ಅವರ ಬೆನ್ನಿಗಿರಲಿಲ್ಲ. ಹೀಗಾಗಿ ಕನ್ನಡದ ಓದುಗ ಚಿತ್ರದ ಬಗ್ಗೆ ಬಹಳಷ್ಟು ಕೇಳಿದ, ನೋಡಿದ್ದು ಕಡಿಮೆ.

ಕೆ. ವೆಂಕಟಪ್ಪನವರ ಉದಾಹರಣೆ ಎಲ್ಲಕ್ಕಿಂತ ನೋವು ಕೊಡುವಂಥದ್ದು. ಮೈಸೂರಿನ ಪಾರಂಪರಿಕ ಚಿತ್ರಗಾರರ ಮನೆಯಲ್ಲಿ 1886ರಲ್ಲಿ ಹುಟ್ಟಿದ ವೆಂಕಟಪ್ಪ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. 1913ರಲ್ಲಿ ಲಂಡನ್ನಿನಲ್ಲಿ ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ‘ಮಿಥ್ಸ್ ಆಫ್ ದಿ ಹಿಂದೂಸ್ ಅಂಡ್ ಬುದ್ಧಿಸ್ಟ್ಸ್’ ಹೊರಬಂದಾಗ ಅದರ ಬಣ್ಣದ ಚಿತ್ರಗಳಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳೂ ಇದ್ದವು. ಕನ್ನಡ ನಾಡಿನ ಚಿತ್ರಕಾರನೊಬ್ಬ ಇಂಗ್ಲಿಷ್ ಪುಸ್ತಕದಲ್ಲಿ ಬಣ್ಣ ಸಮೇತ ಅಚ್ಚಾಗಿ ನೂರು ವರ್ಷಗಳೇ ದಾಟಿವೆ. ಅವರು ತೀರಿಕೊಂಡದ್ದು 1965ರಲ್ಲಿ. ಮೂರು ವರ್ಷಗಳ ಬಳಿಕ ದಿಲ್ಲಿಯ ಲಲಿತಕಲಾ ಅಕಾಡೆಮಿ ಅವರ ಮೇಲೆ ಪುಸ್ತಕ ತಂದಿತು. ಬರೆದವರು ವಿ. ಸೀತಾರಾಮಯ್ಯ, ಕನ್ನಡದ ಹಿರಿಯ ಕವಿ. ಬರೆದದ್ದು ಇಂಗ್ಲಿಷಿನಲ್ಲಿ! ಕನ್ನಡದ ಕವಿ ಕನ್ನಡದ ಚಿತ್ರಕಾರನನ್ನು ಕಾಣಿಸಬೇಕಾದಾಗಲೂ ಪುಸ್ತಕ ದಿಲ್ಲಿಯಿಂದ, ಇನ್ನೊಂದು ಭಾಷೆಯಲ್ಲಿ ಬರಬೇಕಾಯಿತು.

ವೆಂಕಟಪ್ಪನವರ ಊಟಿ, ಕೊಡೈಕನಾಲ್ ಚಿತ್ರಗಳ ಜೀವವಿರುವುದು ತೆಳು ಜಲವರ್ಣದಲ್ಲಿ. ಮಂಜು ಗುಡ್ಡವನ್ನು ಎಲ್ಲಿ ಮುಟ್ಟಿತು, ನೀಲಿ ಎಲ್ಲಿ ಬಿಳಿಯಾಯಿತು ಎಂಬುದೇ ಅಲ್ಲಿನ ವಿಷಯ. ಕಪ್ಪು-ಬಿಳುಪಿನ ಅಚ್ಚಿನಲ್ಲಿ ಆ ಗುಡ್ಡ ಮಸಿ ಚೆಲ್ಲಿದ ಕಲೆಯ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಎಷ್ಟೇ ಸೊಗಸಾದ ವಿವರಣೆ ಇದ್ದರೂ ಓದುಗ ಅದನ್ನು ನಂಬಿಕೊಳ್ಳಬೇಕಷ್ಟೇ ಹೊರತು ಪರೀಕ್ಷಿಸಲು ಆಗದು. ಮೂಲವನ್ನೇ ನೋಡೋಣವೆಂದರೆ ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆ ಧಾರವಾಡ ಜಿಲ್ಲೆಯ ನವಲಗುಂದದಿಂದ 400 ಕಿಲೋಮೀಟರಿಗೂ ದೂರ.

ಕೆ.ಕೆ. ಹೆಬ್ಬಾರರ ಹಣೆಬರಹ ಬೇರೆಯಾಯಿತು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಾವಿದರಾಗಿ ಬೆಳೆದು, ಪ್ಯಾರಿಸ್ಸಿನಲ್ಲೂ ಕಲಿತು ಬಂದ ಹೆಬ್ಬಾರರು ವರ್ಣಚಿತ್ರಗಾರರಾಗಿಯೇ ದೊಡ್ಡವರು. ಆದರೆ ಸಾಮಾನ್ಯ ಓದುಗನ ನೆನಪಿನಲ್ಲಿ ಉಳಿದದ್ದು ಅವರ ಗೆರೆ. 1964ರಲ್ಲಿ ಬಂದ ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ದಿ ಸಿಂಗಿಂಗ್ ಲೈನ್’. ಕುಣಿಯುವ ಹೆಣ್ಣು, ಡೊಳ್ಳು ಬಾರಿಸುವವನು, ಕೋಳಿ ಅಂಕದ ಹುಂಜ, ಎಲ್ಲವೂ ಕೈ ಎತ್ತದೆ ಎಳೆದ ಒಂದೇ ಗೆರೆಯಲ್ಲಿ ಬಂದಂತೆ ತೋರುತ್ತವೆ. ಈ ಗೆರೆಗೆ ನುಣುಪು ಕಾಗದ ಬೇಡ, ನಾಲ್ಕು ಬಣ್ಣದ ಯಂತ್ರ ಬೇಡ. ಅಗ್ಗದ ಕಾಗದದ ಮೇಲೂ ಅದು ಪೂರ್ತಿಯಾಗಿ ದಾಟಿ ಬರುತ್ತದೆ.

ಇಲ್ಲಿ ಒಂದು ಸತ್ಯ ಹೊಳೆಯುತ್ತದೆ. ಕನ್ನಡದ ಹಳ್ಳಿಗಳಲ್ಲಿ ಯಾವ ಚಿತ್ರಕಾರನ ಹೆಸರು ಉಳಿಯಬೇಕು ಎಂಬುದನ್ನು ವಿಮರ್ಶಕರಿಗಿಂತ ಅಚ್ಚುಕೂಟ ಹೆಚ್ಚು ನಿರ್ಧರಿಸಿದೆ. ಗೆರೆಯ ಕಲಾವಿದರು ಗೆದ್ದರು, ಬಣ್ಣದ ಕಲಾವಿದರು ಸೋತರು. ‘ಸುಧಾ’, ‘ಮಯೂರ’ಗಳ ಕಥೆಗಳಿಗೆ ಬರೆದ ಚಂದ್ರನಾಥ ಆಚಾರ್ಯರ ರೇಖೆಯನ್ನು ಅಣ್ಣಿಗೇರಿಯ ಓದುಗ ಸಹಿ ನೋಡದೆಯೂ ಗುರುತು ಹಿಡಿಯಬಲ್ಲ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಉರಿಯುವ ಬಣ್ಣದಲ್ಲಿ ಬರೆದ ರುಮಾಲೆ ಚನ್ನಬಸವಯ್ಯನವರು ಅವನಿಗೆ ಹೆಸರು ಮಾತ್ರ. ಅವರ ಕೆಂಪನ್ನು ಕಳೆದರೆ ಚಿತ್ರದಲ್ಲಿ ಏನು ಮಿಕ್ಕೀತು?

ಧಾರವಾಡ ಸೀಮೆಯ ಸ್ವಂತ ಚಿತ್ರಪರಂಪರೆಗೂ ಇದರ ಪೆಟ್ಟು ಬಿದ್ದಿದೆ. 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಚಿತ್ರ ಕಲಿಯುವ ಹುಡುಗರ ಕಣ್ಣು ಮುಂಬಯಿಯ ಜೆ.ಜೆ. ಕಲಾಶಾಲೆಯ ಕಡೆಗಿತ್ತು. ಡಿ.ವಿ. ಹಾಲಭಾವಿಯವರು 1935ರ ಹೊತ್ತಿಗೆ ಧಾರವಾಡದಲ್ಲಿ ಚಿತ್ರಶಾಲೆ ತೆರೆದರು. ಅಣ್ಣಿಗೇರಿಗೆ ಹತ್ತಿರದ ಗದಗದಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ ಬೆಳೆಯಿತು. ಹಳ್ಳಿಯ ಶಾಲೆಗಳಿಗೆ ಡ್ರಾಯಿಂಗ್ ಮಾಸ್ತರರು ಬಂದದ್ದು ಇಂಥ ಶಾಲೆಗಳಿಂದ. ಅವರು ಕಲಿಸಿದ್ದು ನೈಜ ಶೈಲಿ: ತೈಲವರ್ಣದ ಭಾವಚಿತ್ರ, ಬೆಳಕು ನೆರಳು, ಮೈಕಟ್ಟು. ಇಂಥ ಚಿತ್ರವನ್ನು ಅಂಗೈಯಗಲದ ಕಪ್ಪು-ಬಿಳುಪು ಅಚ್ಚಿಗೆ ಇಳಿಸಿದರೆ ಅದು ಫೋಟೋದಂತೆ ಕಾಣುತ್ತದೆ. ಕುಂಚ ಎಲ್ಲಿ ದಪ್ಪಗೆ ಹರಿಯಿತು, ಎಲ್ಲಿ ತಡೆಯಿತು ಎಂಬುದೇ ಅಳಿಸಿಹೋಗುತ್ತದೆ. ಉತ್ತರ ಕರ್ನಾಟಕದವರು ಬರೀ ಫೋಟೋ ನಕಲು ಮಾಡಿದರು ಎಂಬ ಮಾತಿನ ಹಿಂದೆ ಈ ಅಚ್ಚಿನ ಪಾಲೂ ಇದೆ.

ಹಳ್ಳಿಯ ಗೋಡೆಗೆ ಬಣ್ಣ ತಂದದ್ದು ಪುಸ್ತಕವಲ್ಲ, ಕ್ಯಾಲೆಂಡರು. ಕಲಬುರಗಿಯ ಎಸ್.ಎಂ. ಪಂಡಿತರ ದೇವದೇವತೆಗಳು ಕ್ಯಾಲೆಂಡರಿನ ಹಾಳೆಯಾಗಿ ಸಾವಿರಾರು ಮನೆ ಹೊಕ್ಕವು. ವರ್ಷ ಮುಗಿದ ಮೇಲೂ ಜನ ಚಿತ್ರವನ್ನು ಕತ್ತರಿಸಿ ಕಟ್ಟು ಹಾಕಿಸಿದರು. ಕೆಳಗೆ ಮೂಲೆಯಲ್ಲಿದ್ದ ಚಿತ್ರಕಾರನ ಸಹಿಯನ್ನು ಓದಿದವರು ವಿರಳ. ಬಣ್ಣ ಬಂದ ಕಡೆ ವಿವರಣೆ ಇಲ್ಲ. ವಿವರಣೆ ಇದ್ದ ಕಡೆ ಬಣ್ಣ ಇಲ್ಲ.

ಸಂಗೀತದ ಜೊತೆ ಹೋಲಿಸಿದರೆ ನಷ್ಟ ಸ್ಪಷ್ಟವಾಗುತ್ತದೆ. ವೆಂಕಟಪ್ಪ ಹುಟ್ಟಿದ 1886ರಲ್ಲೇ ಹುಟ್ಟಿದವರು ಕುಂದಗೋಳದ ಸವಾಯಿ ಗಂಧರ್ವರು. ಅವರ ದನಿ ಗ್ರಾಮಫೋನ್ ತಟ್ಟೆಗೆ ಇಳಿಯಿತು. ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ದನಿ ರೇಡಿಯೋದಲ್ಲಿ ಹೊಲದವರೆಗೂ ಹೋಯಿತು. ರಾಗದ ಹೆಸರು ತಿಳಿಯದ ರೈತನಿಗೂ ಕಿವಿ ಹದವಾಯಿತು. ಚಿತ್ರಕ್ಕೆ ಅಂಥ ವಾಹನವಾಗಬೇಕಾಗಿದ್ದುದು ಸಚಿತ್ರ ಪುಸ್ತಕ. ಅದು ಬರಲಿಲ್ಲ, ಕಣ್ಣು ಹದವಾಗಲಿಲ್ಲ.

ಬರವಣಿಗೆಯಲ್ಲೂ ದೋಷವಿದೆ, ಎಲ್ಲವನ್ನೂ ಅಚ್ಚಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕನ್ನಡದ ಕಲಾವಿದ ಪರಿಚಯ ಗ್ರಂಥಗಳು ಅಭಿನಂದನ ಗ್ರಂಥದ ಧಾಟಿಯಿಂದ ಇನ್ನೂ ಬಿಡಿಸಿಕೊಂಡಿಲ್ಲ. ಬಡತನದ ಬಾಲ್ಯ, ಗುರುವಿನ ಭೇಟಿ, ಪ್ರದರ್ಶನಗಳ ಪಟ್ಟಿ, ಪ್ರಶಸ್ತಿಗಳ ಪಟ್ಟಿ. ಒಂದೇ ಒಂದು ಚಿತ್ರದ ಮುಂದೆ ನಾಲ್ಕು ಪುಟ ನಿಲ್ಲುವ ತಾಳ್ಮೆ ಅಪರೂಪ. ಚಿತ್ರದ ಕೆಳಗೆ ಅಳತೆ ಇರುವುದಿಲ್ಲ, ಮಾಧ್ಯಮ ಇರುವುದಿಲ್ಲ, ಈಗ ಎಲ್ಲಿದೆ ಎಂಬುದೂ ಇರುವುದಿಲ್ಲ. ಪಿಕಾಸೋನ ‘ಗೆರ್ನಿಕಾ’ ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲ. ಹಳ್ಳಿಯ ಶಾಲಾ ಕೋಣೆಯ ಒಂದು ಗೋಡೆಯನ್ನೇ ಅದು ನುಂಗುತ್ತದೆ ಎಂದು ಹೇಳದಿದ್ದರೆ ಓದುಗ ಅದನ್ನು ಅಂಚೆಚೀಟಿಯಂತೆ ನೋಡುತ್ತಾನೆ. ಈಗ ಮೊಬೈಲಿನಲ್ಲಿ ಎಲ್ಲ ಚಿತ್ರವೂ ಸಿಗುತ್ತದಲ್ಲ ಎನ್ನುವವರಿಗೂ ಉತ್ತರ ಇಲ್ಲೇ ಇದೆ: ಆ ಪರದೆಯ ಮೇಲೆ ಎಲ್ಲ ಚಿತ್ರಗಳೂ ಒಂದೇ ಅಳತೆ.

ಕಲಾಪಂಥಗಳ ವಿಷಯಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. ಕ್ಯೂಬಿಸಂ, ಸರ್ರಿಯಲಿಸಂ, ಅಮೂರ್ತ ಕಲೆ ಎಂದು ಅಧ್ಯಾಯಗಳು ಸಾಲುಗಟ್ಟುತ್ತವೆ. ಎಲ್ಲವೂ ಪ್ಯಾರಿಸ್ಸಿನಲ್ಲಿ ಹುಟ್ಟಿ ಮುಂಬಯಿಗೆ ಬಂದು ಬೆಂಗಳೂರಿನಲ್ಲಿ ಇಳಿದಂತೆ ಕಥೆ. ಆದರೆ ನವಲಗುಂದದ ಜಮಖಾನ ನೋಡಿ ಬೆಳೆದ ಹುಡುಗಿಗೆ ಚೌಕ, ತ್ರಿಕೋನ, ಬಣ್ಣದ ಪಟ್ಟಿಗಳಷ್ಟರಿಂದಲೇ ಚಿತ್ರವಾಗುತ್ತದೆ ಎಂಬುದನ್ನು ಯಾರೂ ಹೊರಗಿನಿಂದ ಕಲಿಸಬೇಕಿಲ್ಲ. ನಿಲುವು ಮಗ್ಗದ ಮುಂದೆ ಕುಳಿತ ಹೆಂಗಸರು ಪಗಡೆ ಹಾಸನ್ನೂ ನವಿಲನ್ನೂ ಕೋನಗಳಾಗಿ ಒಡೆದು ನೇಯುತ್ತಾರೆ. ಈ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಜರ್ಮನಿಯ ಬೌಹೌಸ್ ಶಾಲೆ (1919–1933) ನೇಯ್ಗೆಯನ್ನು ಆಧುನಿಕ ಕಲೆಯ ಪಾಠದೊಳಗೇ ಇಟ್ಟಿತ್ತು. ಅಲ್ಲಿ ಕಲಿತ ಆನಿ ಆಲ್ಬರ್ಸ್ 1965ರಲ್ಲಿ ನೇಯ್ಗೆಯ ಮೇಲೆ ಬರೆದ ಪುಸ್ತಕವನ್ನು ಕಲಾವಿದರು ಇಂದಿಗೂ ಓದುತ್ತಾರೆ. ಬೌಹೌಸ್ ಕಲಾವಿದರ ಕೃತಿಗಳು 1922ರಲ್ಲೇ ಕಲ್ಕತ್ತೆಗೂ ಬಂದಿದ್ದವು. ಅಮೂರ್ತ ಕಲೆಯ ಕನ್ನಡ ಪುಸ್ತಕವೊಂದು ಕ್ಯಾಂಡಿನ್ಸ್ಕಿಯ ಚಿತ್ರದ ಎದುರು ಪುಟದಲ್ಲಿ ನವಲಗುಂದದ ಜಮಖಾನವನ್ನು ಇಟ್ಟರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ಎರಡೂ ಒಂದೇ ಎಂದು ಸಾಧಿಸುವುದಕ್ಕಲ್ಲ. ನೋಡುವ ಕಣ್ಣಿಗೆ ಪರಿಚಿತ ಹೊಸ್ತಿಲು ಒದಗಿಸುವುದಕ್ಕೆ.

ಒಂದು ಕಾಲಕ್ಕೆ ಬಣ್ಣದ ಕಲಾಪುಸ್ತಕ ಅಗ್ಗಕ್ಕೆ ಸಿಗುತ್ತಿತ್ತು. ನವಕರ್ನಾಟಕದ ಮಳಿಗೆಗಳಲ್ಲಿ ಸೋವಿಯತ್ ಪ್ರಕಾಶನಗಳ ಪುಸ್ತಕಗಳು ಬರುತ್ತಿದ್ದ ದಿನಗಳು ಅವು. ಸಣ್ಣ ಸಂಬಳದ ಮಾಸ್ತರರೂ ಕೊಳ್ಳಬಹುದಾದ ಬೆಲೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ದಾರಿ ಮುಚ್ಚಿತು. ಇತ್ತ ಜರ್ಮನಿಯ ಟಾಶೆನ್ ಸಂಸ್ಥೆ 1985ರಲ್ಲಿ ಪಿಕಾಸೋನಿಂದ ಆರಂಭಿಸಿದ ತೆಳು ಪುಸ್ತಕಗಳ ಮಾಲೆ ಹಲವು ಭಾಷೆಗಳಲ್ಲಿ ಹರಡಿತು. ಒಬ್ಬ ಕಲಾವಿದ, ನೂರು ಪುಟದ ಆಸುಪಾಸು, ಪುಟಪುಟಕ್ಕೂ ಬಣ್ಣ: ಇಷ್ಟೇ ಅದರ ಸೂತ್ರ. ಒಂದೇ ಬಣ್ಣದ ಹಾಳೆಯನ್ನು ಹಲವು ಭಾಷೆಗೆ ಹಂಚಿಕೊಂಡರೆ ಖರ್ಚು ಇಳಿಯುತ್ತದೆ. ಕನ್ನಡ, ಮರಾಠಿ, ತೆಲುಗು ಪ್ರಕಾಶಕರು ಕೂಡಿ ಹೀಗೆ ಮಾಡಲು ಅಡ್ಡಿಯೇನೂ ಇಲ್ಲ.

ಅಡ್ಡಿ ಇರುವುದು ಕೊಳ್ಳುವ ಪದ್ಧತಿಯಲ್ಲಿ. ಕನ್ನಡ ಪ್ರಕಾಶಕರ ದೊಡ್ಡ ಆಸರೆ ಗ್ರಂಥಾಲಯಗಳ ಸಗಟು ಖರೀದಿ. ಅಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಅಂಥ ಲೆಕ್ಕದಲ್ಲಿ ಲಾಭ ಕೊಡುವುದು ಅಕ್ಷರ ತುಂಬಿದ ದಪ್ಪ ಪುಸ್ತಕ. ನುಣುಪು ಕಾಗದ, ನಾಲ್ಕು ಬಣ್ಣದ ಅಚ್ಚು, ಚಿತ್ರದ ಹಕ್ಕಿಗೆ ಕೊಡುವ ಹಣ, ಇವನ್ನೆಲ್ಲ ಹೊತ್ತ 64 ಪುಟದ ಪುಸ್ತಕ ಅಲ್ಲಿ ಸೋಲುತ್ತದೆ. ಸೋಲುತ್ತದೆಂದು ಗೊತ್ತಿದ್ದೂ ಯಾವ ಪ್ರಕಾಶಕ ಕೈ ಹಾಕಿಯಾನು?

ಆದ್ದರಿಂದ ಮೊರೆ ಇರುವುದು ಲಲಿತಕಲಾ ಅಕಾಡೆಮಿಗೆ ಮತ್ತು ಗ್ರಂಥಾಲಯ ಇಲಾಖೆಗೆ. ಬಣ್ಣದ ಕಲಾಪುಸ್ತಕಕ್ಕೆ ಬೇರೆಯೇ ದರ ನಿಗದಿಯಾಗಲಿ. ಮೊದಲು ವೆಂಕಟಪ್ಪನವರ ಜಲವರ್ಣಗಳು, ರುಮಾಲೆಯವರ ಮರಗಳು, ಹಾಲಭಾವಿ ಮತ್ತು ಅಕ್ಕಿಯವರ ತೈಲಚಿತ್ರಗಳು ಒಂದೊಂದು ತೆಳು ಪುಸ್ತಕವಾಗಿ ಬರಲಿ. ಪ್ರತಿ ಚಿತ್ರದ ಕೆಳಗೆ ಅಳತೆ, ಮಾಧ್ಯಮ, ಇರುವ ಜಾಗ ಇರಲಿ. ಕಲಘಟಗಿಯ ಚಿತ್ರಗಾರರ ತೊಟ್ಟಿಲಿಗೂ ನವಲಗುಂದದ ಜಮಖಾನಕ್ಕೂ ಅದೇ ಮಾಲೆಯಲ್ಲಿ ಪುಸ್ತಕವಿರಲಿ, ನೇಯ್ದವರ, ಬರೆದವರ ಹೆಸರು ಸಮೇತ. ಮೊದಲ ಪ್ರತಿಗಳು ಬೆಂಗಳೂರಿನ ಸಮಾರಂಭಕ್ಕಿಂತ ಮುಂಚೆ ಕುಂದಗೋಳ, ಅಣ್ಣಿಗೇರಿ, ನವಲಗುಂದ, ಕಲಘಟಗಿಯ ಗ್ರಂಥಾಲಯಗಳಿಗೆ ಹೋಗಲಿ. ಬೆಲೆಬಾಳುವ ಪುಸ್ತಕವೆಂದು ಅವನ್ನು ಕಪಾಟಿನಲ್ಲಿ ಬೀಗ ಹಾಕಿ ಇಡದೆ ಮಕ್ಕಳ ಕೈಗೆ ಸಿಗುವಂತೆ ಮೇಜಿನ ಮೇಲೆ ತೆರೆದಿಡಿ.